ಹೊಳೆ ಗುಂಡಿಗೆ ಇಳಿಯುವ ಮೊದಲು ಕಾಲು ಗಂಟೆ ಕೂತಿರಿ

ಡಿಸೆಂಬರ್ ರಜೆ ಬಂತೆಂದರೆ ನಮ್ಮ ಮನೆ ಜಗಲಿಯಲ್ಲಿ ಚೀಲಗಳ ರಾಶಿ. ಬೆಂಗಳೂರು, ಹುಬ್ಬಳ್ಳಿಯಿಂದ ಅಣ್ಣ ತಮ್ಮಂದಿರ ಮಕ್ಕಳು, ಅವರ ಬೆನ್ನಿಗೆ ಅವರ ಗೆಳೆಯರು. ದೋಸೆ ತಿಂದು ಕೈ ತೊಳೆಯುವುದರೊಳಗೆ ಕೇಳುವುದು ಒಂದೇ: "ಅತ್ತೆ, ಹೊಳೆಗೆ ಯಾವಾಗ?" ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಗಂಡಸರಿಗೆ ಪುರುಸೊತ್ತಿರುವುದಿಲ್ಲ. ಹಾಗಾಗಿ ಇವರನ್ನೆಲ್ಲ ಗುಂಡಿಗೆ ಕರೆದುಕೊಂಡು ಹೋಗಿ, ಹೋದಷ್ಟೂ ತಲೆಗಳನ್ನು ಎಣಿಸಿ ವಾಪಸು ತರುವ ಕೆಲಸ ಹದಿನೈದು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪ್ರತಿ ಸಲ ಅದದೇ ಮಾತು ಹೇಳಿ ಗಂಟಲು ಒಣಗಿದ್ದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ.

ನಮ್ಮದು ಸಿದ್ದಾಪುರ ತಾಲೂಕಿನ ಘಟ್ಟದ ಅಂಚು. ತೋಟದ ಕೆಳಗೆ ಹರಿಯುವ ಹಳ್ಳ ಮುಂದೆ ಹೋಗಿ ಅಘನಾಶಿನಿಗೆ ಸೇರುತ್ತದೆ. ಎರಡು ದೊಡ್ಡ ಅರೆಕಲ್ಲುಗಳ ನಡುವೆ ಅದು ಧುಮುಕಿ ಕೊರೆದ ಜಾಗವೇ ನಮ್ಮ ಗುಂಡಿ. ಹೆಸರು, ದಾರಿ ಎರಡನ್ನೂ ಇಲ್ಲಿ ಹೇಳುವುದಿಲ್ಲ, ಬೈದುಕೊಳ್ಳಬೇಡಿ. ಪಕ್ಕದೂರಿನ ಅಬ್ಬಿಯೊಂದು, ಅಂದರೆ ಜಲಪಾತ, ರೀಲ್ಸಿನಲ್ಲಿ ಕಾಣಿಸಿಕೊಂಡ ಮರುವರ್ಷ ಅಲ್ಲಿ ಬರಿಗಾಲಲ್ಲಿ ನಡೆಯುವ ಹಾಗಿರಲಿಲ್ಲ, ಅಷ್ಟು ಬಾಟಲಿ ಚೂರು. ಊರಲ್ಲಿ ಪರಿಚಯದವರಿಲ್ಲದಿದ್ದರೆ ಯಾಣದ ಹತ್ತಿರದ ವಿಭೂತಿ ಜಲಪಾತದಂಥ, ಟಿಕೆಟ್ ಕೊಟ್ಟು ಒಳಬಿಡುವ, ಒಬ್ಬ ಕಾವಲುಗಾರನಾದರೂ ಇರುವ ಕಡೆಗೆ ಹೋಗಿ. ಸುಣ್ಣದ ಕಲ್ಲಿನ ಮೇಲೆ ಇಳಿದು ಬರುವ ನೀರು, ಕೆಳಗೆ ತಣ್ಣನೆ ಗುಂಡಿ. ಮೊದಲ ಸಲದವರಿಗೆ ಅದು ಧಾರಾಳ ಸಾಕು. ಉಂಚಳ್ಳಿಯನ್ನು ಮಾತ್ರ ಮೇಲಿಂದಲೇ ನೋಡಿ. 116 ಮೀಟರ್ ಎತ್ತರದಿಂದ ಬೀಳುವ ನೀರಿನ ಬುಡ ಈಜುವ ಜಾಗವಲ್ಲ.

ಯಾವಾಗ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಮನುಷ್ಯರದ್ದಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಹುಡುಗ ಕಾಲು ಜಾರಿ ಹೋದ. ದೇಹ ಸಿಗಲು ಒಂದು ವಾರ ಬೇಕಾಯಿತು. ಅವನು ನೀರಿಗೆ ಇಳಿದೂ ಇರಲಿಲ್ಲ. ಅಕ್ಟೋಬರ್ ಮೋಸದ ತಿಂಗಳು, ಅದರ ಕತೆ ಮುಂದೆ ಹೇಳುತ್ತೇನೆ. ಮಾರ್ಚ್ ದಾಟಿದರೆ ಹರಿವು ಸಣ್ಣಗಾಗಿ ಎಲೆ ಕೊಳೆತು, ನೀರು ನಿಂತು ವಾಸನೆ ಬರುತ್ತದೆ.

ಹೊತ್ತಿನ ವಿಷಯ: ಘಟ್ಟದ ಕಣಿವೆಗೆ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಹತ್ತೂವರೆಗೆ ನೀರು ಮುಟ್ಟಿ, ಎರಡೂವರೆಗೆ ಒಣ ಬಟ್ಟೆ ಹಾಕಿರಬೇಕು.

ಹೊಳೆಗೆ ಅಣೆಕಟ್ಟು ಇದೆಯೇ ಎಂದು ವಿಚಾರಿಸಿ. ಅಘನಾಶಿನಿಗೆ ಹುಟ್ಟಿದಲ್ಲಿಂದ ಕಡಲು ಸೇರುವವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ; ನೀರು ಏರಿದರೆ ಮಳೆಯಿಂದಲೇ ಏರಬೇಕು. ಶರಾವತಿ, ಕಾಳಿ ಹಾಗಲ್ಲ. ಲಿಂಗನಮಕ್ಕಿ, ಗೇರುಸೊಪ್ಪ, ಸೂಪಾ, ಕದ್ರಾ ಎಂದು ಸಾಲಾಗಿ ಕಟ್ಟೆಗಳು. ಕರೆಂಟು ತಯಾರಿಸಲು ನೀರು ಬಿಟ್ಟರೆ ಸುಡುಬಿಸಿಲಲ್ಲೂ ಕೆಳಗಿನ ಮಟ್ಟ ಏರುತ್ತದೆ. ಸಾಲದ್ದಕ್ಕೆ ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳೂ ಇವೆ. ಇನ್ನು ಶೃಂಗೇರಿ, ಶಿಶಿಲದ ಹಾಗೆ ದೇವರ ಮೀನು ಇರುವ ಕಡೆ ಮಂಡಕ್ಕಿ ಹಾಕಿ, ಕೈ ಮುಗಿದು ಬನ್ನಿ. ಅಲ್ಲಿ ಈಜಿನ ಮಾತೇ ಬೇಡ.

ಈಗ ಕಾಲು ಗಂಟೆಯ ವಿಷಯ. ನನಗೆ ಈಜು ಕಲಿಸಿದ್ದು ಅಜ್ಜ. ಎರಡು ಒಣಗಿದ ತೆಂಗಿನಕಾಯಿಯ ಸಿಪ್ಪೆ ಎಬ್ಬಿಸಿ, ಜೋಡಿಸಿ ಬೆನ್ನಿಗೆ ಕಟ್ಟಿ ನೀರಿಗೆ ಬಿಡುತ್ತಿದ್ದ. ಆದರೆ ದಂಡೆಗೆ ಬಂದ ಕೂಡಲೇ ಇಳಿಯಲು ಬಿಡುತ್ತಿರಲಿಲ್ಲ. "ಮೊದ್ಲು ನೋಡು ಕೂಸೆ" ಎಂದು ಕಲ್ಲಿನ ಮೇಲೆ ಕೂರಿಸಿ ತಾನು ಕವಳ (ಎಲೆ ಅಡಿಕೆ) ಹಾಕುತ್ತಿದ್ದ. ಆ ಕವಳ ಮುಗಿಯುವವರೆಗೆ ನಾನು ಹೊಳೆ ನೋಡಬೇಕು. ಆಗ ಅದು ಶಿಕ್ಷೆ ಅನ್ನಿಸುತ್ತಿತ್ತು. ಈಗ ನಾನೂ ಮಕ್ಕಳನ್ನು ಹಾಗೇ ಕೂರಿಸುತ್ತೇನೆ, ಕವಳ ಒಂದಿಲ್ಲ.

ಏನು ನೋಡಬೇಕು? ಮೊದಲು, ಹತ್ತಿ ಬರುವ ಜಾಗ. ಇಳಿಯಲು ಎಲ್ಲ ಕಡೆಯೂ ಸುಲಭ, ಹತ್ತಲು ಸಾಮಾನ್ಯವಾಗಿ ಒಂದೇ ಕಡೆ ಮರಳಿನ ಇಳಿಜಾರು ಇರುತ್ತದೆ. ಅದು ಕಾಣದಿದ್ದರೆ ಆ ಗುಂಡಿ ನಿಮ್ಮದಲ್ಲ. ಆಮೇಲೆ ನಾಲ್ಕು ಒಣ ಎಲೆ ಹೆಕ್ಕಿ ಗುಂಡಿಯ ಮೇಲ್ಬದಿಯಲ್ಲಿ ತೇಲಿಬಿಡಿ. ಮೆಲ್ಲಗೆ ಸುತ್ತಿ ದಂಡೆಗೆ ಬಂದರೆ ಒಳ್ಳೆಯದು. ಓಡಿಹೋಗಿ ಎರಡು ಬಂಡೆಗಳ ಸಂದಿಗೆ ನುಗ್ಗಿದರೆ ಆ ಬದಿಗೆ ಯಾರೂ ಹೋಗಕೂಡದು. ಎಲೆ ನುಸುಳುವ ಸಂದಿಯಲ್ಲಿ ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಒಂದೇ ಕಡೆ ಗಿರಗಿರ ತಿರುಗಿ ಮುಳುಗಿದರೆ ಅದು ಸುಳಿ. ನೀರು ಬೀಳುವಲ್ಲಿ ಬೆಳ್ಳಗೆ ನೊರೆ ಏಳುತ್ತದಲ್ಲ, ಎಲ್ಲರಿಗೂ ಅದರ ಕೆಳಗೇ ತಲೆ ಒಡ್ಡುವ ಆಸೆ. ನೊರೆಯಲ್ಲಿ ಗಾಳಿಯೇ ಹೆಚ್ಚು, ಮೈ ತೇಲುವುದಿಲ್ಲ. ಕೆಳಗೆ ಹೋದ ನೀರು ತಿರುಗಿ ಮತ್ತೆ ಬೀಳುವ ಜಾಗಕ್ಕೇ ಎಳೆದು ತರುತ್ತದೆ. ಮಳೆಗಾಲದಲ್ಲಿ ಮೇಲಿಂದ ಬಂದ ದಿಮ್ಮಿಗಳು ಕೂತಿರುವುದೂ ಅಲ್ಲೇ.

ಆಳದ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ತಿಳಿನೀರಿನಲ್ಲಿ ಹತ್ತು ಅಡಿ ಆಳ ನೇರ ಮೇಲಿನಿಂದ ನೋಡಿದರೆ ಏಳೂವರೆ ಅಡಿಯಂತೆ ಕಾಣುತ್ತದೆ, ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. "ಇಲ್ಲಿ ಎದೆಮಟ್ಟ ಅಷ್ಟೇ ಅತ್ತೆ" ಎಂದು ಹೆಜ್ಜೆ ಇಟ್ಟು ಮುಳುಗಿದವನ ಜುಟ್ಟು ಹಿಡಿದು ಎತ್ತಿದ್ದೇನೆ. ನಾವು ಒಂದು ಬಿದಿರಿನ ಗಳ ಒಯ್ಯುತ್ತೇವೆ. ಪ್ರತಿ ವರ್ಷ ಹೊಸದಾಗಿ ಅಳೆಯಬೇಕು, ಯಾಕೆಂದರೆ ಪ್ರತಿ ಮಳೆಗಾಲ ಗುಂಡಿಯ ತಳವನ್ನು ಬದಲಿಸುತ್ತದೆ. ಹೋದ ವರ್ಷ ಮರಳಿದ್ದ ಕಡೆ ಈ ವರ್ಷ ಎಮ್ಮೆಯಷ್ಟು ಕಲ್ಲು ಬಂದು ಕೂತಿರಬಹುದು. ಆದ್ದರಿಂದ ನನ್ನ ಕಾವಲಿನಲ್ಲಿ ಯಾರೂ ಮೇಲಿಂದ ಹಾರುವಂತಿಲ್ಲ. ಇದರ ಬಗ್ಗೆ ಪ್ರತಿ ವರ್ಷ ಜಗಳವಾಗುತ್ತದೆ, ಪ್ರತಿ ವರ್ಷ ನಾನೇ ಗೆಲ್ಲುತ್ತೇನೆ.

ಇಳಿಯುವಾಗ ಮೊದಲು ಕಾಲು, ಆಮೇಲೆ ಮುಖ, ಕತ್ತು ಒದ್ದೆ ಮಾಡಿಕೊಂಡು ಎರಡು ನಿಮಿಷ ನಿಲ್ಲಿ. ಡಿಸೆಂಬರಿನ ಘಟ್ಟದ ನೀರಿಗೆ ಏಕಾಏಕಿ ಬಿದ್ದರೆ ಉಸಿರು ತಂತಾನೇ ಒಳಗೆಳೆಯುತ್ತದೆ. ಆ ಕ್ಷಣ ಬಾಯಿ ನೀರಿನಲ್ಲಿದ್ದರೆ ಕತೆ ಮುಗಿಯಿತು. ಕೊಳದಲ್ಲಿ ಹತ್ತು ಸುತ್ತು ಈಜುವವರಿಗೇ ಇಲ್ಲಿ ಮೀನಖಂಡ ಹಿಡಿಯುವುದು ಹೆಚ್ಚು. ಅರ್ಧ ಗಂಟೆಗೊಮ್ಮೆ ಎಲ್ಲರೂ ಬಿಸಿಲು ಬಿದ್ದ ಬಂಡೆ ಮೇಲೆ ಬಂದು ಕೂರಬೇಕು, ತುಟಿ ನೀಲಿಯಾದವರು ಮತ್ತೆ ಇಳಿಯುವಂತಿಲ್ಲ.

ಬಟ್ಟೆ ಬಗ್ಗೆ ಹೆಂಗಸರಿಗೆ ಒಂದು ಮಾತು. ನೈಟಿ ಬೇಡವೇ ಬೇಡ. ನಮ್ಮ ಅತ್ತಿಗೆಯೊಬ್ಬರು ನೈಟಿಯಲ್ಲಿ ಇಳಿದು, ಅದು ಕೊಡೆಯ ಹಾಗೆ ಅರಳಿ, ಆಮೇಲೆ ಕಾಲಿಗೆ ಸುತ್ತಿಕೊಂಡು ಪಟ್ಟ ಪಾಡು ನೋಡಿದ್ದೇನೆ. ಮೈಗೆ ಹತ್ತುವ ಹಳೆ ಪ್ಯಾಂಟು, ಟೀ ಶರ್ಟು ಸಾಕು, ದುಪಟ್ಟಾ ಚೀಲದಲ್ಲಿರಲಿ. ಗಂಡಸರ ಜೀನ್ಸ್ ಒದ್ದೆಯಾದರೆ ಕಲ್ಲು ಕಟ್ಟಿಕೊಂಡ ಹಾಗೆ. ಹವಾಯಿ ಚಪ್ಪಲಿ ಹಾವಸೆಯ ಮೇಲೆ ಜಾರುತ್ತದೆ. ಹಳೆಯ ಕ್ಯಾನ್ವಾಸ್ ಬೂಟಿನ ಮೇಲೆ ದಪ್ಪನೆ ಕಾಲುಚೀಲ ಎಳೆದುಕೊಳ್ಳಿ, ನೋಡಲು ನಗು ಬರುತ್ತದೆ, ಹಿಡಿತ ಚೆನ್ನಾಗಿ ಸಿಗುತ್ತದೆ.

ದಾರಿಯಲ್ಲಿ ಉಂಬಳ (ಕಾಡಿನ ಜಿಗಣೆ) ಹತ್ತಿದರೆ ಕಿರುಚಬೇಡಿ. ಉಗುರಿನಿಂದ ಬಾಯಿಯ ಬದಿಗೆ ಸರಿಸಿ ಬಿಡಿಸಿ, ಸ್ವಲ್ಪ ಹೊತ್ತು ರಕ್ತ ಸೋರಿ ನಿಲ್ಲುತ್ತದೆ. ನನಗೆ ಉಂಬಳದ ಭಯವಿಲ್ಲ, ಇರುವುದು ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ ಉಣುಗಿನ ಭಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. 2019ರಲ್ಲಿ ಸಾಗರದ ಅರಳಗೋಡು ಕಡೆ, 2024ರಲ್ಲಿ ನಮ್ಮ ಸಿದ್ದಾಪುರದಲ್ಲೂ ಜನ ಸತ್ತರು. ಗ್ರಹಚಾರ ನೋಡಿ, ಈಜಲು ಚಂದದ ತಿಂಗಳುಗಳೇ ಈ ಕಾಯಿಲೆಯ ತಿಂಗಳುಗಳೂ ಹೌದು. ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯಲ್ಲೋ "ಈ ಕಡೆ ಮಂಗ ಸತ್ತಿದೆಯಾ?" ಎಂದು ಕೇಳಿ. ಹೌದೆಂದರೆ ಹೋಗಲೇಬೇಡಿ. ಇಲ್ಲವೆಂದರೂ ಉಣುಗು ಹತ್ತದಂತೆ ಅವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಒಣ ತರಗೆಲೆಯ ಮೇಲೆ ಕೂರಬೇಡಿ, ಬಟ್ಟೆಯನ್ನು ಪೊದೆಯ ಮೇಲೆ ಹರವಬೇಡಿ.

ಇನ್ನು ಅಕ್ಟೋಬರಿನ ಕತೆ. ಎಂಟು ವರ್ಷದ ಹಿಂದೆ, ದಸರಾ ರಜೆ. ಮೇಲೆ ಬಿಸಿಲು, ಆಕಾಶ ತೊಳೆದಿಟ್ಟ ಹಾಗೆ. ಮಕ್ಕಳ ಕಾಟ ತಡೆಯದೆ ಒಪ್ಪಿದೆ. ಆಚೆ ಬದಿಯ ಬಂಡೆ ಅಗಲವಾಗಿದೆ ಎಂದು ಹಳ್ಳ ದಾಟಿ ಅಲ್ಲಿ ಕೂತೆವು. ಚೀಲ, ಬುತ್ತಿ, ಗಾಡಿಯ ಬೀಗದ ಕೈ ಎಲ್ಲ ಈಚೆ ದಂಡೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ನೀರಿನ ಸದ್ದು ಸ್ವಲ್ಪ ದಪ್ಪವಾಯಿತು. ಆಮೇಲೆ ಹಸಿರು ಎಲೆ, ಪುರುಲೆ (ಸಣ್ಣ ಕಡ್ಡಿ) ತೇಲಿ ಬರತೊಡಗಿತು. ಒಣ ಎಲೆ ಯಾವಾಗಲೂ ಬರುತ್ತದೆ. ಹಸಿ ಎಲೆ ಬಂದರೆ ಮೇಲೆಲ್ಲೋ ಗಾಳಿಮಳೆ ಹೊಡೆಯುತ್ತಿದೆ ಎಂದರ್ಥ. ನಾನು ಸಿಳ್ಳೆ ಹಾಕಿ ಎಲ್ಲರನ್ನೂ ಬಂಡೆಗೆ ಹತ್ತಿಸಿದೆ, ಎಣಿಸಿದೆ, ಏಳು ತಲೆ. ಹತ್ತು ನಿಮಿಷದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ, ನಾವು ದಾಟಿದ್ದ ಕಲ್ಲುಗಳು ಕಾಣದಾದವು. ನಮ್ಮ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ನಾಲ್ಕು ಗಂಟೆ ಅಲ್ಲೇ ಕೂತೆವು, ಎದುರಿಗೆ ಕಾಣುವ ಬುತ್ತಿಯನ್ನು ಮಂಗಗಳು ಬಿಚ್ಚಿ ತಿನ್ನುವುದನ್ನು ನೋಡುತ್ತ. ಕೊನೆಗೆ ತೋಟದ ಆಳು ಒಬ್ಬರು ಹುಡುಕಿಕೊಂಡು ಬಂದು ಮೇಲಿನ ಸಂಕದ (ಕಾಲುಸೇತುವೆಯ) ದಾರಿ ತೋರಿಸಿದರು. ಅಂದಿನಿಂದ ಮನುಷ್ಯರು, ಚೀಲ, ಬೀಗದ ಕೈ ಎಲ್ಲವೂ ದಾರಿ ಇರುವ ದಂಡೆಯಲ್ಲೇ ಇರುತ್ತವೆ. ಮರದ ಕೊಂಬೆಯಲ್ಲಿ ಕಸಕಡ್ಡಿ ಯಾವ ಎತ್ತರಕ್ಕೆ ಸಿಕ್ಕಿಕೊಂಡಿದೆ ಎಂದೂ ನೋಡುತ್ತೇನೆ, ನೆರೆ ಅಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಅದು.

ಯಾರಾದರೂ ಸೆಳವಿಗೆ ಸಿಕ್ಕರೆ ಎದುರು ಈಜಬಾರದು. ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ತೇಲುತ್ತ ಓರೆಯಾಗಿ ದಂಡೆಗೆ ಬರಬೇಕು. ಓಡುವ ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿ ನೀರು ಮೈಯನ್ನು ಮಗುಚುತ್ತದೆ. ದಂಡೆಯಲ್ಲಿದ್ದವರು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಎರಡು ಲೋಟ ನೀರು ಹಾಕಿ, ಮುಚ್ಚಳ ಬಿಗಿದು, ಹದಿನೈದು ಮೀಟರ್ ನೈಲಾನ್ ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಪೂರ್ತಿ ಖಾಲಿ ಕ್ಯಾನು ದೂರ ಹೋಗುವುದಿಲ್ಲ, ಸ್ವಲ್ಪ ಭಾರವಿದ್ದರೆ ಎಸೆದಲ್ಲಿಗೆ ಹೋಗುತ್ತದೆ, ತೇಲುತ್ತದೆ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತ ಕೂರಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಮತ್ತೆ 30. ಒಬ್ಬರು ಸಿಗ್ನಲ್ ಸಿಗುವ ಕಡೆಗೆ ಓಡಿ 108ಕ್ಕೆ ಫೋನ್ ಮಾಡಲಿ. ಸಿಗ್ನಲ್ ಎಲ್ಲಿವರೆಗೆ ಸಿಗುತ್ತದೆ ಎಂದು ಬರುವಾಗಲೇ ನೋಡಿಟ್ಟಿರಿ.

ಸೋಪು, ಶಾಂಪೂ ತಂದವರ ಚೀಲದಿಂದ ನಾನೇ ತೆಗೆದಿಡುತ್ತೇನೆ. ನಮ್ಮ ಗುಂಡಿಯ ಕೆಳಗೆ ಮೂರು ಮನೆಗಳಿಗೆ ಇದೇ ಹಳ್ಳದಿಂದ ಪೈಪಿನಲ್ಲಿ ಕುಡಿಯುವ ನೀರು ಹೋಗುತ್ತದೆ. ಕುಡಿದು ಬಂದವರನ್ನು ತೋಟದ ದಣಪೆ (ಬೇಲಿಯ ಗೇಟು) ದಾಟಲೂ ಬಿಡುವುದಿಲ್ಲ, ನೆಂಟರಾದರೂ ಸರಿ. ಬುತ್ತಿಗೆ ಮೊಸರನ್ನ, ಮಿಡಿ ಉಪ್ಪಿನಕಾಯಿ, ಬಾಳೆಲೆ. ನೀರಿನಿಂದ ಎದ್ದ ಮೇಲೆ ಅದರ ರುಚಿಯೇ ಬೇರೆ, ತಿಂದ ಮೇಲೆ ಯಾರಿಗೂ ಮತ್ತೆ ಇಳಿಯುವ ಮನಸ್ಸಿರುವುದಿಲ್ಲ. ಹಾಗಾಗಿ ಬುತ್ತಿಯನ್ನು ಎರಡು ಗಂಟೆಗೆ ಬಿಚ್ಚುತ್ತೇನೆ.

ಮನೆಗೆ ಬಂದ ಕೂಡಲೇ ಜಗಲಿಗೆ ಹತ್ತುವಂತಿಲ್ಲ, ಸೀದಾ ಬಚ್ಚಲಿಗೆ. ಹಂಡೆಯಲ್ಲಿ ನೀರು ಕಾದಿರುತ್ತದೆ. ಹಾಕಿದ ಬಟ್ಟೆಯೆಲ್ಲ ಬಿಸಿನೀರಿನ ಬಕೆಟ್ಟಿಗೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು ಇದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಳ್ಳಬೇಕು. ಸಣ್ಣದು ಎಳ್ಳಿಗಿಂತ ಚಿಕ್ಕದು, ಮಚ್ಚೆಯೆಂದು ಬಿಟ್ಟುಬಿಡುತ್ತೇವೆ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು "ಘಟ್ಟದ ಕಾಡಿಗೆ ಹೋಗಿದ್ದೆ" ಎಂಬುದು. ನನಗೂ ಒಂದು ಫೋನ್ ಮಾಡಿ.