ಕರೆಂಟಿಲ್ಲದ ಮಳೆಗಾಲಕ್ಕೆ ಮನೆ ಹಿಂದಿನ ಹಳ್ಳ

ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಅಣೆಕಟ್ಟುಗಳು. ಅದೇ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಕಡೆಯ ನಮ್ಮ ಮನೆಯಲ್ಲಿ ಆರಿದ್ರಾ ಮಳೆ ಹಿಡಿದರೆ ಮೂರು ದಿನ ಕರೆಂಟಿಲ್ಲ. ಜಗಳಕ್ಕೆ ಹೋಗಿ ಏನು ಮಾಡೋದು? ಲೈನು ಬರೋದೇ ಕಾಡಿನ ನಡುವೆ, ಎಲ್ಲೋ ಒಂದು ಮರ ಬಿದ್ದರೆ ಸಾಕು, ಲೈನ್‌ಮನ್ ಆ ಮಳೆಯಲ್ಲಿ ಹುಡುಕಿಕೊಂಡು ಬರಬೇಕು.

ಮೊದಲು ಎಲ್ಲರ ಹಾಗೆ ಇನ್ವರ್ಟರ್ ತಂದೆ. 150 ಎಎಚ್ (ಆಂಪಿಯರ್ ಗಂಟೆ) ಬ್ಯಾಟರಿ, 12 ವೋಲ್ಟಿಗೆ ಗುಣಿಸಿದರೆ 1.8 ಯೂನಿಟ್. ಲೆಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು ಅಂತ ಗೊತ್ತಾಗಿದ್ದು ಮೊದಲನೆಯದು ಎರಡೇ ವರ್ಷಕ್ಕೆ ಸತ್ತ ಮೇಲೆ. ಫ್ರಿಜ್ಜು, ಟಿವಿ ಎಲ್ಲ ಅದಕ್ಕೇ ಸಿಕ್ಕಿಸಿದ್ದೆ! ಈಗ 9 ವ್ಯಾಟಿನ ಮೂರು ಬಲ್ಬು, ಮೊಬೈಲ್ ಚಾರ್ಜು, ಅಷ್ಟೇ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಸ್ವಲ್ಪ ಕರೆಂಟು ತಿನ್ನುತ್ತದೆ, ಹಾಗಾಗಿ ಮಲಗುವಾಗ ಅದನ್ನೇ ಆಫ್ ಮಾಡುತ್ತೇನೆ. ಮೂರು ಸಂಜೆ ಆರಾಮಾಗಿ ದಾಟುತ್ತದೆ.

ಆಮೇಲೆ ಬ್ಯಾಟರಿಗೆ ಸೋಲಾರ್ ಪ್ಯಾನೆಲ್ ಜೋಡಿಸಿದೆ. ಬೇಸಿಗೆಯಲ್ಲಿ ಬೇಡ ಅನ್ನುವಷ್ಟು ಕರೆಂಟು. ಆದರೆ ನಮಗೆ ಬೇಕಾಗಿದ್ದು ಜುಲೈಯಲ್ಲಿ, ಆಗ ಸೂರ್ಯನ ಮುಖ ಕಾಣೋದೇ ಅಪರೂಪ.

ಕಾರವಾರದಲ್ಲಿರುವ ನಮ್ಮ ಭಾವನ ಕಥೆ ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರು, 78,000 ರೂಪಾಯಿ ಸಬ್ಸಿಡಿ ಬಂತು, ಬಿಲ್ಲೂ ಇಳಿಯಿತು. ಒಂದು ಮಧ್ಯಾಹ್ನ ಫೋನು: "ಭಾವ, ಇದೆಂಥದು, ಇಷ್ಟು ಬಿಸಿಲಿದ್ದರೂ ಫ್ಯಾನ್ ತಿರುಗ್ತಾ ಇಲ್ಲ!" ಗ್ರಿಡ್ಡಿಗೆ, ಅಂದರೆ ಊರಿನ ಲೈನಿಗೆ, ಜೋಡಿಸಿದ ಸೋಲಾರ್ ಹಾಗೇ. ಲೈನು ಹೋದರೆ ಅದೂ ನಿಲ್ಲುತ್ತದೆ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದಲ್ವಾ. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಮನೆಗೆ ದಾರಿ ತೋರಿಸಿದ್ದು ಆಯಿ, ಅಂದರೆ ಅಮ್ಮ. "ತಮಾ, ಬಿಸಿಲಿಲ್ಲ ಅಂತ ಕೂತಿದ್ದೀಯಲ್ಲ, ನೀರಿಗೆ ಬರವಾ?"

ಮಾರನೇ ದಿನವೇ ಹಳ್ಳಕ್ಕೆ ಕಲ್ಲು ಅಡ್ಡ ಇಟ್ಟು, ನೀರನ್ನು ಅಡಿಕೆ ದಬ್ಬೆಗೆ ತಿರುಗಿಸಿ 20 ಲೀಟರಿನ ಡಬ್ಬ ಹಿಡಿದೆ. 4 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 5 ಲೀಟರ್. ಗಾರೆ ಕೆಲಸದವರ ನೀರು ತುಂಬಿದ ಮಟ್ಟದ ಪೈಪಿನಲ್ಲಿ ಇಳಿಜಾರಿನ ಎತ್ತರ ಅಳೆದರೆ 20 ಮೀಟರ್. 5, 20, ಗುರುತ್ವದ 9.8 ಗುಣಿಸಿದರೆ ನೀರಿನ ಶಕ್ತಿ 980 ವ್ಯಾಟ್. ಪೈಪು, ಚಕ್ರ, ಜನರೇಟರ್ ಎಲ್ಲ ತಮ್ಮ ಪಾಲು ತಿಂದ ಮೇಲೆ ಅರ್ಧ ಉಳಿದರೆ ದೊಡ್ಡದು. ಆದರೆ 500 ವ್ಯಾಟ್ ಹಗಲೂ ರಾತ್ರಿ ಬಂದರೆ ದಿನಕ್ಕೆ 12 ಯೂನಿಟ್! ನನ್ನ ಬ್ಯಾಟರಿಯ 1.8 ನೆನೆದು ನಗು ಬಂತು.

ಟರ್ಬೈನು, ಅಂದರೆ ನೀರಿನ ರಭಸಕ್ಕೆ ತಿರುಗುವ ಚಕ್ರ, ಕೂರಿಸಿದ ಮೊದಲ ರಾತ್ರಿ ದುಡ್ಡು ಉಳಿಸಲು ಹೋಗಿ ಬಲ್ಬು ಸುಟ್ಟುಕೊಂಡೆ. ಲೋಡ್ ಕಂಟ್ರೋಲರ್ ಆಮೇಲೆ ನೋಡೋಣ ಅಂದಿದ್ದೆ. ಮಲಗುವಾಗ ಒಂದೊಂದೇ ಸ್ವಿಚ್ ಆರಿಸುತ್ತಾ ಬಂದರೆ, ಭಾರ ಕಡಿಮೆಯಾಗಿ ಚಕ್ರದ ವೇಗ ಏರಿತು, ವೋಲ್ಟೇಜೂ ಏರಿತು, ಉಳಿದಿದ್ದ ಎರಡು ಬಲ್ಬು ಟಪ್ ಅಂತ ಹೋದವು. ಈಗ ಕಂಟ್ರೋಲರ್ ಇದೆ, ಮಿಕ್ಕ ಕರೆಂಟನ್ನು ಬಚ್ಚಲಿನ ಹೀಟರಿಗೆ ಕಳಿಸುತ್ತದೆ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆ ಊದಿ ಕಣ್ಣು ಉರಿಸಿಕೊಳ್ಳುವ ಕೆಲಸ ಬಹಳಷ್ಟು ತಪ್ಪಿದೆ. ಆಯಿಗೆ ಬಲ್ಬಿಗಿಂತ ಇದೇ ಜಾಸ್ತಿ ಖುಷಿ. ಹಳ್ಳದ ಕರೆಂಟು ಮತ್ತು ಲೈನಿನ ಕರೆಂಟು ಎಂದೂ ಸೇರದ ಹಾಗೆ ಚೇಂಜ್‌ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿದ್ದೇನೆ.

ಬೇಸಿಗೆಗೆ ಹಳ್ಳ ಸೊರಗುತ್ತದೆ, ಆಗ ಪ್ಯಾನೆಲ್ ಇದ್ದೇ ಇದೆ. ಈಗಿನ ತಲೆನೋವು ಎಲೆ. ರಾತ್ರಿ ದೀಪ ಮಂಕಾದರೆ ಪೈಪಿನ ಬಾಯಿಯ ಜಾಳಿಗೆಗೆ ತರಗು ಕಟ್ಟಿದೆ ಅಂತಲೇ ಅರ್ಥ. ಮೊನ್ನೆ ಎರಡು ಗಂಟೆಗೆ ಕೊಪ್ಪೆ ಹೊದ್ದು, ತಲೆಗೆ ಟಾರ್ಚು ಕಟ್ಟಿಕೊಂಡು ಹತ್ತಿದ್ದೆ. ಇಳಿದು ಬರುವಾಗ ಕಾಲಿಗೆ ಏಳು ಉಂಬಳ.