ಬಳ್ಳಾರಿ ಜೀನ್ಸ್ ಲಾಟು ಮೊಬೈಲಿನಲ್ಲಿ ಮಾರುವ ಬಗೆ: ನನ್ನ ಅನುಭವ

ದೇಶದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಈಗ ಮಾಲಿನ ವಿಡಿಯೊ ಕಳಿಸುವುದು ಸಲೀಸು. ಆದರೂ ಸಿಂಧನೂರು, ಕುಷ್ಟಗಿ ಕಡೆಯ ಚಿಲ್ಲರೆ ಅಂಗಡಿಯವರಿಗೆ ಬಳ್ಳಾರಿಯ ಹೋಲ್‌ಸೇಲ್ ಲಾಟಿನ (ಒಟ್ಟಿಗೆ ಬಂದ ಜೀನ್ಸ್ ಮಾಲಿನ) ಸುದ್ದಿ ಮುಟ್ಟಿಸಲು ನಾನು ಮೊದಲು ನೆಚ್ಚುವುದು ಎಸ್ಸೆಮ್ಮೆಸ್ಸನ್ನೇ. ಡೇಟಾ ಪ್ಯಾಕ್ ಮುಗಿದಿದ್ದರೂ ಅದು ತಲುಪುತ್ತದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದ ಪ್ರಕಾರ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸುವವರು ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ನೋಂದಣಿ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ ಕೊಟ್ಟು ಮೊದಲು ಸಂಸ್ಥೆಯ ಐಡಿ, ಆಮೇಲೆ ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಕಿರುಗುರುತು), ಕೊನೆಗೆ ಟೆಂಪ್ಲೇಟ್ (ಸಂದೇಶದ ಮಾದರಿ). ಒಪ್ಪಿಗೆಯಾದ ಟೆಂಪ್ಲೇಟಿಗೂ ಕಳಿಸುವ ಸಂದೇಶಕ್ಕೂ ಒಂದು ಪದ ಹೆಚ್ಚುಕಮ್ಮಿಯಾದರೂ ಅದು ಹೋಗುವುದಿಲ್ಲ. ಅದಕ್ಕೇ ದರ, ದಿನಾಂಕದಂಥ ಬದಲಾಗುವ ಜಾಗಗಳನ್ನು ಮೊದಲೇ ವೇರಿಯಬಲ್ ಎಂದು ಗುರುತಿಸಿಡಬೇಕು. 2024ರ ಅಕ್ಟೋಬರ್‌ನಿಂದ ಲಿಂಕ್‌ಗಳನ್ನೂ ಮುಂಚೆಯೇ ನೋಂದಾಯಿಸಬೇಕು. ಇಲ್ಲದಿದ್ದರೆ ಇಡೀ ಸಂದೇಶಕ್ಕೇ ತಡೆ.

ದುಡ್ಡು ಸೋರುವುದು ಅಕ್ಷರಗಳ ಲೆಕ್ಕದಲ್ಲಿ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಒತ್ತು, ಗುಣಿತದ ಚಿಹ್ನೆಗಳಿಗೂ ಬೇರೆಬೇರೆ ಎಣಿಕೆ: ‘ಬಳ್ಳಾರಿ’ ಕಣ್ಣಿಗೆ ಮೂರಕ್ಷರ, ಲೆಕ್ಕದಲ್ಲಿ 7. ‘ಹೊಸ ಜೀನ್ಸ್ ಲಾಟ್ ಬಂದಿದೆ. ಸೆಟ್ ದರಕ್ಕೆ ಕರೆ ಮಾಡಿ.’ ಇಷ್ಟಕ್ಕೇ 45 ಆಯಿತು. ಉಳಿದ 25ರಲ್ಲಿ ಅಂಗಡಿ ಹೆಸರು, ಹತ್ತಂಕಿಯ ನಂಬರು ಕೂರಿಸಬೇಕು. 71 ಆದರೆ ಎರಡು ಸಂದೇಶದ ಬಿಲ್ಲು. ಆಗ ತುಂಡಿಗೆ 67 ಅಕ್ಷರವಷ್ಟೇ. ಇಂಗ್ಲಿಷ್ ಸಂದೇಶದಲ್ಲಿ ₹ ಚಿಹ್ನೆ ಹಾಕಿದರೂ ಮಿತಿ 70ಕ್ಕೇ ಇಳಿಯುತ್ತದೆ.

ವಾಟ್ಸಾಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಸಂದೇಶ ಎಲ್ಲರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ) 256 ಜನ. ಅವರ ಫೋನಿನಲ್ಲಿ ನಮ್ಮ ನಂಬರು ಸೇವ್ ಆಗಿಲ್ಲದಿದ್ದರೆ ಸಂದೇಶ ಮುಟ್ಟುವುದೇ ಇಲ್ಲ. ಹಾಗಾಗಿ ಮಾಲು ಕಟ್ಟುವಾಗಲೇ ‘ಅಣ್ಣ, ನಂಬರು ಸೇವ್ ಮಾಡಿ ಒಂದು ಮೆಸೇಜ್ ಹಾಕ್ರಿ’ ಎಂದು ಎದುರಿಗೇ ಮಾಡಿಸುವುದು ಒಳ್ಳೆಯದು. ಆದೋನಿ, ಗುಂತಕಲ್ಲಿನವರಿಗೆ ತೆಲುಗಿನಲ್ಲಿ ಬೇರೆ ಪಟ್ಟಿ. ಯಾರಿಂದಲೋ ಕೊಂಡ ನಂಬರುಗಳಿಗೆ ಕಳಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕೇಳದವರ ಫೋನಿಗೆ ನುಗ್ಗುವುದು ತಪ್ಪು. ನಾಲ್ಕು ಜನ ರಿಪೋರ್ಟ್ ಒತ್ತಿದರೆ ವರ್ಷಗಟ್ಟಲೆ ಬಳಸಿದ ನಂಬರೂ ಬ್ಯಾನ್ ಆಗಬಹುದು.

ಫೋಟೊ ಬೆಳಗಿನ ನೆರಳಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನಡಿ ಕಡುನೀಲಿ ಡೆನಿಮ್ ಕಪ್ಪಗೆ ಕಾಣುತ್ತದೆ, ನಮ್ಮ ಮಧ್ಯಾಹ್ನದ ಬಿಸಿಲಿಗೆ ವಾಶ್ (ಒಗೆತದಿಂದ ಬಂದ ಬಣ್ಣದ ಛಾಯೆ) ಬಿಳಿಚುತ್ತದೆ. ಬಣ್ಣ ಬೇರೆ ಎಂದು ಪಾರ್ಸಲ್ ವಾಪಸ್ ಬಂದರೆ ಲಾರಿ ಬಾಡಿಗೆ ಎರಡು ಸಲ. ಒಂದು ಪೂರ್ತಿ ಪ್ಯಾಂಟ್, ಒಂದು ಜೇಬಿನ ಹೊಲಿಗೆ, ಒಂದು ಜಿಪ್ಪು ಮತ್ತು ಗುಂಡಿ: ಮೂರು ಫೋಟೊ ಸಾಕು, ಎಚ್‌ಡಿಯಲ್ಲೇ ಕಳಿಸಿ. ಕೆಳಗೆ ಸೈಜು (28, 30, 32, 34, 36), ಸೆಟ್ಟಿಗೆ ಎಷ್ಟು ಪೀಸು, ಪೀಸಿನ ದರ. ದರ ಮುಚ್ಚಿಟ್ಟರೆ ವಿಚಾರಣೆ ಹೆಚ್ಚು, ಆರ್ಡರು ಕಡಿಮೆ.

ಅಂಗಡಿಯವರಿಗೆ ಬಿಡುವು ಸಿಗುವುದು ಮಧ್ಯಾಹ್ನ 2ರಿಂದ 4. ಗಂಗಾವತಿ, ಸಿಂಧನೂರಿಗೆ ಭತ್ತದ ಸುಗ್ಗಿ ನೋಡಿ ಕಳಿಸಿ, ರಂಜಾನ್ ಹಬ್ಬಕ್ಕೆ ಮೂರ್ನಾಲ್ಕು ವಾರ ಮುಂಚೆ. ಒಂದೊಂದು ಪಟ್ಟಿಗೆ ಒಂದೊಂದು ಲಾಟ್ ಕೋಡ್ ಕೊಡಿ. ಆರ್ಡರಿನಲ್ಲಿ ಬರುವ ಕೋಡ್ ನೋಡಿದರೆ ಯಾವ ಸಂದೇಶ ದುಡಿಯಿತೆಂದು ತಿಳಿಯುತ್ತದೆ.