ಬಂಗಾರದ ಕುಲುಮೆಯಲ್ಲಿ ಗಾಜು ಮಾಡಿದ್ದು

ಚಿತ್ರದುರ್ಗದಲ್ಲಿ ನನ್ನದು ಬಂಗಾರದ ಕೆಲಸ. ಬಂಗಾರ ಕರಗಿಸಿದ ಮೇಲೆ ಮೂಸೆಯ (ಕರಗಿಸುವ ಬಟ್ಟಲಿನ) ಅಂಚಿಗೆ ಬಿಳಿಗಾರ (ಬೋರಾಕ್ಸ್) ಗಟ್ಟಿಯಾಗಿ ಅಂಟಿಕೊಂಡು ಮಿರಮಿರ ಮಿಂಚುತ್ತದೆ. ಅದೂ ಒಂಥರಾ ಗಾಜೇ ಅಂತ ಗೊತ್ತಾದಾಗಿನಿಂದ ತಲೆಗೆ ಹುಳ ಹೊಕ್ಕಿತ್ತು. ನಾನೇ ಯಾಕೆ ಗಾಜು ಮಾಡಿ ನೋಡಬಾರದು?

ಬರೀ ಮರಳು ಕರಗಲು ಸುಮಾರು 1,700 ಡಿಗ್ರಿ ಬೇಕು. ಬಂಗಾರಕ್ಕೆ 1,064 ಸಾಕು, ಹಾಗಾಗಿ ನನ್ನ ಕರೆಂಟ್ ಕುಲುಮೆ 1,150ರ ಮೇಲೆ ಹೋಗುವುದಿಲ್ಲ. ಆದರೆ ಮರಳಿಗೆ ಸೋಡಾ ಬೆರೆಸಿದರೆ ತುಂಬಾ ಕಡಿಮೆ ಕಾವಿಗೇ ಕರಗುತ್ತದೆ. ಸರಿ, ವೇದಾವತಿಯ ಮರಳು ಅರ್ಧ, ಬಟ್ಟೆ ಒಗೆಯುವ ಸೋಡಾ ಅರ್ಧ ಹಾಕಿದೆ. ಸೋಡಾದಲ್ಲಿ ನೀರಿನಂಶ ಇರುತ್ತದೆ ಅಂತ ಹೊಳೆಯಲೇ ಇಲ್ಲ. ಹಾಲು ಉಕ್ಕಿದ ಹಾಗೆ ಉಕ್ಕಿ ಅರ್ಧ ಮೂಸೆ ಆಚೆ ಬಂತು. ಈಗ ಮೊದಲು ತವೆಯ ಮೇಲೆ ಹುರಿದು ಪುಡಿ ಮಾಡಿಕೊಳ್ಳುತ್ತೇನೆ.

ಉಳಿದಿದ್ದು ಹಸಿರು ಬಾಟಲಿ ಬಣ್ಣದ ಗಾಜಾಯಿತು. ಖುಷಿಯೋ ಖುಷಿ. ಆಷಾಢದ ಜಿಟಿಜಿಟಿ ಮಳೆ ಶುರುವಾಗಿದ್ದೇ ತಡ, ಶೋಕೇಸಿನಲ್ಲಿಟ್ಟಿದ್ದ ಆ ತುಂಡು ಚಪ್ಪರಿಸಿದ ಪೆಪ್ಪರ್‌ಮೆಂಟಿನ ಹಾಗೆ ಅಂಟು ಅಂಟಾಯಿತು. ಸೋಡಾ ಜಾಸ್ತಿಯಾಗಿ ಸುಣ್ಣ ಇಲ್ಲದಿದ್ದರೆ ಗಾಜು ನೀರಲ್ಲಿ ಕರಗುತ್ತದೆ. ಕಿಟಕಿ ಗಾಜಿಗೂ ಸುಣ್ಣದಂಶ ಹಾಕುವುದು ಇದಕ್ಕೇ.

ಹಸಿರು ಬಂದಿದ್ದು ಮರಳಿನಲ್ಲಿದ್ದ ಕಬ್ಬಿಣದಿಂದ. ಹಾಗಾಗಿ ಮರಳು ಬಿಟ್ಟು ಬೆಣಚುಕಲ್ಲು ಹಿಡಿದೆ. ನಮ್ಮ ಕಡೆ ಹೊಲದ ಬದುವಿನಲ್ಲಿ ಬೇಕಾದಷ್ಟು ಸಿಗುತ್ತದಲ್ವಾ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಕಲ್ಲು ತಾನೇ ಬಿರುಕು ಬಿಡುತ್ತದೆ, ಆಮೇಲೆ ಕುಟ್ಟುವುದು ಸುಲಭ. ಕುಟ್ಟಿದ ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕುಟ್ಟಾಣಿಯಿಂದ ಬಂದ ಕಬ್ಬಿಣ ಮೇಲೆದ್ದು ಬರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ, ಈ ಧೂಳು ಶ್ವಾಸಕೋಶಕ್ಕೆ ವಿಷ, ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲ. ನಾನು ಒಳ್ಳೆ ಮಾಸ್ಕ್ ಹಾಕಿಕೊಂಡು, ಪುಡಿಗೆ ನೀರು ಚಿಮುಕಿಸಿ ಕುಟ್ಟುತ್ತೇನೆ.

ಕೊನೆಗೆ ಕೈ ಹಿಡಿದ ಲೆಕ್ಕ ಇದು: ಬೆಣಚುಪುಡಿ 50 ಗ್ರಾಂ, ಹುರಿದ ಸೋಡಾ 25, ಬಿಳಿಗಾರ 20, ಸುಣ್ಣ 5. ಇದಕ್ಕೆ ನೀಲಿ ಬಣ್ಣ ಬರಲಿ ಅಂತ ಚಿಟಿಕೆ ತಾಮ್ರದ ಅರದ ಪುಡಿ. ಮಣ್ಣಿನ ಮೂಸೆಯಲ್ಲಿ ಎರಡು ಗಂಟೆ. ಸೋಡಾ ಮೂಸೆಯನ್ನೇ ತಿನ್ನುತ್ತದೆ ಅನ್ನುವುದು ಒಂದು ಮೂಸೆಯ ತಳ ತೂತಾಗಿ ಕುಲುಮೆಯ ಕಾಯಿಲ್ ಹಾಳಾದ ಮೇಲೆ ತಿಳಿಯಿತು. ಆವತ್ತು ಮನೆಯಲ್ಲಿ ಬಿದ್ದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಬಂಗಾರ ನೀರಿನ ಹಾಗೆ ಸುರಿಯುತ್ತದೆ, ಅಚ್ಚಿಗೆ ಬಿದ್ದ ಕ್ಷಣ ಗಟ್ಟಿಯಾಗುತ್ತದೆ. ಗಾಜು ಹಾಗಲ್ಲ, ಜೋನಿಬೆಲ್ಲದ ಹಾಗೆ ಇಳಿಯುತ್ತದೆ. ಮೂಸೆ ಎತ್ತಿದರೂ ಬಿಡದೆ ಎಳೆ ಎಳೆಯಾಗಿ ಕೂದಲಿಗಿಂತ ಸಣ್ಣಗೆ ಎಳೆದುಕೊಂಡು ಬರುತ್ತದೆ. ಇಂಥ ಡಿಗ್ರಿಯಲ್ಲಿ ಗಟ್ಟಿಯಾಯಿತು ಅಂತ ಹೇಳಲು ಬರುವುದಿಲ್ಲ, ಮೆತ್ತಗೆ ಬಿಗಿಯುತ್ತಾ ಹೋಗುತ್ತದೆ.

ನಿಜವಾದ ಕಷ್ಟ ಆಮೇಲಿನದು. ತಿಳಿನೀಲಿಯ ಮೊದಲ ತುಂಡನ್ನು ಕಬ್ಬಿಣದ ಅಚ್ಚಿನಲ್ಲೇ ಬಿಟ್ಟು ಊಟಕ್ಕೆ ಕೂತಿದ್ದೆ. ಒಳಗಿನಿಂದ 'ಟಿಕ್' ಅಂತ ಸದ್ದು. ಹೋಗಿ ನೋಡಿದರೆ ನಾಲ್ಕು ಚೂರು. ಹೊರಮೈ ಮೊದಲು ಬಿಗಿದು, ಒಳಗಿನ ಬಿಸಿ ಆಮೇಲೆ ಕುಗ್ಗಿದಾಗ ಅದೇ ಸೀಳಿಬಿಡುತ್ತದೆ. ಈಗ ಪಕ್ಕದಲ್ಲಿ ಸಣ್ಣ ಗೂಡೊಂದನ್ನು 500 ಡಿಗ್ರಿಗೆ ಕಾಯಿಸಿಟ್ಟು, ಸುರಿದ ತುಂಡನ್ನು ತಕ್ಷಣ ಒಳಗೆ ಹಾಕಿ, ಒಂದು ಗಂಟೆ ಬಿಟ್ಟು ರಾತ್ರಿಯಿಡೀ ನಿಧಾನಕ್ಕೆ ಆರಿಸುತ್ತೇನೆ. ಬೆಳಿಗ್ಗೆ ಲ್ಯಾಪ್‌ಟಾಪಿನ ಬಿಳಿ ಪರದೆ ಮುಂದೆ ಹಿಡಿದು, ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವಷ್ಟು ಓರೆ ಮಾಡಿ ನೋಡುತ್ತೇನೆ. ಒಳಗೆ ಬಿಗಿತ ಉಳಿದಿದ್ದರೆ ಅಲ್ಲಿ ಬೆಳಕಿನ ಪಟ್ಟೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣ ಕಾಣುತ್ತವೆ. ಕಂಡರೆ ಮತ್ತೆ ಗೂಡಿಗೆ.

ಮೊನ್ನೆ ಉಂಗುರ ಅಳತೆ ಕೊಡಲು ಬಂದವರೊಬ್ಬರು ಆ ನೀಲಿ ತುಂಡು ನೋಡಿ ಯಾವ ಹರಳು, ಕ್ಯಾರಟ್ಟಿಗೆ ಎಷ್ಟು ಅಂತ ಕೇಳಿದರು. ಬೆಣಚುಕಲ್ಲು ಅಂದೆ, ನಂಬಲಿಲ್ಲ. ಈಗ ಬಳೆ ಮಾಡುವ ಹುಚ್ಚು ಹಿಡಿದಿದೆ. ಎರಡು ಸಲ ಬೆಸುಗೆಯ ಜಾಗದಲ್ಲೇ ಒಡೆದಿದೆ.